ಓದುವವರಿಗಾಗಿ ಕಾದ ಕಲ್ಲು



ಸೊಲ್ಲಾಪುರದಿಂದ ಸುಮಾರು 40 ಕಿ.ಮೀ. ದೂರದಲ್ಲಿ, ಭೀಮಾ ಮತ್ತು ಸೀನಾ ನದಿಗಳು ಕೂಡುವಲ್ಲಿ, ಹತ್ತರಸಂಗ ಕೂಡಲ ಎಂಬ ಊರಿದೆ. ಆಚೆ ದಡ ಕರ್ನಾಟಕ. ಬೇಸಿಗೆ ರಜೆಯಲ್ಲಿ ಸೊಲ್ಲಾಪುರ, ಅಕ್ಕಲಕೋಟೆಗಳ ನಮ್ಮ ಕೆಲವು ಕುಟುಂಬಗಳು ಮಕ್ಕಳೊಡನೆ ಅಲ್ಲಿಗೆ ಹೋಗಿದ್ದೆವು. ಬಿಸಿಲಿಗೆ ಎರೆಮಣ್ಣು ಬಿರುಕು ಬಿಟ್ಟಿತ್ತು. ನದಿಯಲ್ಲಿ ನೀರು ಕಡಿಮೆ.

ಅಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಎರಡು ಗುಡಿಗಳಿವೆ. ಹರಿಹರೇಶ್ವರ ಗುಡಿ ಬಹುಕಾಲ ಮಣ್ಣಿನಡಿ ಹೂತುಹೋಗಿತ್ತು. ಅದನ್ನು ಅಗೆದು ಹೊರತೆಗೆದದ್ದು ಕೆಲವು ದಶಕಗಳ ಹಿಂದಷ್ಟೆ. ಸಂಗಮೇಶ್ವರ ಗುಡಿಗೆ ಭಕ್ತರು ಇಂದಿಗೂ ಬರುತ್ತಾರೆ. ನಾವು ಚಪ್ಪಲಿ ಹೊರಗೆ ಬಿಟ್ಟು ಮೌನವಾಗಿ ಒಳಹೊಕ್ಕೆವು. ಅನ್ಯಧರ್ಮೀಯರ ಶ್ರದ್ಧೆಯನ್ನು ಗೌರವಿಸಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ನಮಗೆ ಕಲಿಸಿದೆ.

ಅಲ್ಲಿನ ಒಂದು ತೊಲೆಯ ಮೇಲೆ ಶಕ 940ರ, ಅಂದರೆ ಕ್ರಿ.ಶ. 1018ರ ಶಾಸನವಿದೆ. ಮರಾಠಿಯ ಅತಿ ಹಳೆಯ ಶಾಸನಗಳಲ್ಲಿ ಅದೂ ಒಂದು. ಆಳಿದವರು ಕನ್ನಡದ ಅರಸರು, ಬರಹ ಮರಾಠಿ! ಅದರ ಕೊನೆಯ ಮಾತಿನ ಅರ್ಥ ಇಷ್ಟೆ: ಇದನ್ನು ಓದುವವನು ವಿಜಯಿಯಾಗಲಿ.

ಮರಾಠಿ ಶಾಲೆಗೆ ಹೋಗುವ ನಮ್ಮ ಮಕ್ಕಳು ಒಂದೊಂದೇ ಅಕ್ಷರ ಗುರುತಿಸಲು ಪೈಪೋಟಿ ನಡೆಸಿದರು. ನಮಗೆ ಸಂತೋಷವಾಯಿತು. ಆದರೆ ಮುಂದಿನ ಕನ್ನಡ ಬಲಿಪೂಜೆಯಲ್ಲಿ ಮೊದಲನೆಯ ವಾಚನ ಓದಲು ಅದೇ ಮಕ್ಕಳಲ್ಲಿ ಒಬ್ಬರೂ ಏಳಲಿಲ್ಲ. ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ತಪ್ಪು ಮಕ್ಕಳದಲ್ಲ, ಕಲಿಸದಿದ್ದವರು ನಾವು.

ನೆಹೆಮೀಯನ ಗ್ರಂಥದ 8ನೆಯ ಅಧ್ಯಾಯವನ್ನು ತೆರೆಯೋಣ. ಬಾಬಿಲೋನಿನ ಸೆರೆಯಿಂದ ಮರಳಿದ ಜನ ಪಾಳುಬಿದ್ದ ಜೆರುಸಲೇಮಿನ ಗೋಡೆಯನ್ನು ಮತ್ತೆ ಕಟ್ಟಿದ್ದರು. ಗೋಡೆ ಎದ್ದಿತು, ಅಷ್ಟು ಸಾಲದೆಂದು ಅವರಿಗೆ ತಿಳಿಯಿತು. ಗಂಡಸರು, ಹೆಂಗಸರು, ಗ್ರಹಿಸಬಲ್ಲ ಎಲ್ಲರೂ ನೀರುಬಾಗಿಲ ಮುಂದೆ ಕೂಡಿದರು. ಎಜ್ರನು ಮುಂಜಾನೆಯಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಓದಿದನು. ಲೇವಿಯರು ಜನರಿಗೆ ತಿಳಿಯುವಂತೆ ವಿವರಿಸಿದರು. ಅರ್ಥವಾದಾಗ ಜನ ಅತ್ತರು, ಆಮೇಲೆ ಹಬ್ಬ ಮಾಡಿದರು.

ಪ್ರಕಟನಾ ಗ್ರಂಥವೂ ತನ್ನ ಆರಂಭದಲ್ಲೇ (1:3) ದೇವರ ವಾಕ್ಯವನ್ನು ಓದುವವರನ್ನೂ ಕೇಳುವವರನ್ನೂ ಧನ್ಯರೆನ್ನುತ್ತದೆ. ಕಲ್ಲಿನ ಮೇಲಿನ ಅಕ್ಷರ ಓದುವವರಿಗಾಗಿ ಸಾವಿರ ವರ್ಷ ಕಾಯಬಲ್ಲದು. ಮಕ್ಕಳ ಬಾಲ್ಯ ಹಾಗೆ ಕಾಯುವುದಿಲ್ಲ.

ನಮ್ಮ ಧರ್ಮಪ್ರಾಂತ್ಯದಲ್ಲಿ ಹಲವು ಭಾಷೆಗಳಿವೆ. ಅದು ದೇವರ ವರ. ಮರಾಠಿಯನ್ನು ಪ್ರೀತಿಸಲು ಕನ್ನಡವನ್ನು ಬಿಡಬೇಕಾಗಿಲ್ಲ. 12ನೆಯ ಶತಮಾನದಲ್ಲಿ ಸಿದ್ಧರಾಮರು ಕನ್ನಡದಲ್ಲಿ ವಚನ ಹೇಳಿದ್ದು ಇದೇ ಸೊಲ್ಲಾಪುರದಲ್ಲಿ. ಅಜ್ಜಿ ಜಪಸರ ಹಿಡಿದು ಪ್ರಾರ್ಥಿಸುವ ಭಾಷೆಯಲ್ಲಿ ಮೊಮ್ಮಗಳು ಶುಭಸಂದೇಶ ಓದಿದರೆ, ಆ ಮನೆಯೇ ಒಂದು ಪುಟ್ಟ ಧರ್ಮಸಭೆ.

ಮನೆಯಲ್ಲಿ ಚಿಂತಿಸೋಣ:

1. ನಮ್ಮ ಮನೆಯಲ್ಲಿ ಕನ್ನಡ ಬೈಬಲ್ ಇದೆಯೇ? ಕೊನೆಯ ಬಾರಿ ಅದನ್ನು ತೆರೆದದ್ದು ಯಾವಾಗ?

2. ರಾತ್ರಿ ಊಟಕ್ಕೆ ಮುಂಚೆ ಮಕ್ಕಳಿಂದ ದಿನಕ್ಕೆ ಎರಡೇ ವಾಕ್ಯ ಓದಿಸಲು ನಮಗೆ ಸಾಧ್ಯವಿಲ್ಲವೇ?

3. ಮುಂದಿನ ಕನ್ನಡ ಬಲಿಪೂಜೆಯ ವಾಚನಕ್ಕೆ ನಮ್ಮ ಮನೆಯಿಂದ ಯಾರು ಸಿದ್ಧರಾಗುತ್ತಾರೆ?