ಹಸಿ ಜೇನುತುಪ್ಪ: ಕಾಪಿಡುವ ಕ್ರಮ ಮತ್ತು ಒಂದು ಎಚ್ಚರಿಕೆ

ಕಾರ್ಕಳ, ಕಾಪು ಕಡೆಯ ತೋಟಗಳಲ್ಲಿ ಸಾಕುವ ತುಡುವೆ ಜೇನಿನ ತುಪ್ಪ ಸ್ವಭಾವತಃ ತುಸು ತೆಳು. ಜೊತೆಗೆ ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ಜೇನುತುಪ್ಪವು ಆ ತೇವವನ್ನು ಹೀರಿಕೊಳ್ಳುತ್ತದೆ. ತೇವಾಂಶ ಶೇಕಡ 20ನ್ನು ಮೀರಿದರೆ ಅದು ನೊರೆಗಟ್ಟಿ ಹುಳಿಯಾಗುವ ಸಂಭವವುಂಟು. ಆದುದರಿಂದ ಮುಕ್ಕಾಲು ಭಾಗಕ್ಕೂ ಹೆಚ್ಚು ಕಣಗಳಿಗೆ ಮೇಣದ ಮುಚ್ಚಳ ಬಿದ್ದಿರುವ ಎರಿಗಳಿಂದ ಮಾತ್ರ, ಮಳೆ ಹಿಡಿಯುವ ಮೊದಲೇ ತುಪ್ಪ ತೆಗೆಯತಕ್ಕದ್ದು. ಒಣಗಿದ ಗಾಜಿನ ಭರಣಿಯಲ್ಲಿ ತುಂಬಿ ಬಿಗಿಯಾಗಿ ಮುಚ್ಚಿಡಿ. ಒದ್ದೆ ಚಮಚ ಹಾಕಬೇಡಿ. ತುಪ್ಪ ಹರಳುಗಟ್ಟಿತೆಂದು ಕಲಬೆರಕೆಯ ಸಂಶಯ ಬೇಡ. ಕೈ ತಾಳುವಷ್ಟು ಬಿಸಿನೀರಿನಲ್ಲಿ ಭರಣಿಯನ್ನಿಟ್ಟರೆ ಕರಗುತ್ತದೆ. ಒಲೆಯ ಮೇಲೆ ಕುದಿಸಿದರೆ ಪರಿಮಳವೂ ಕಿಣ್ವಗಳೂ ನಷ್ಟವಾಗುತ್ತವೆ.

ನೆಗಡಿಯ ಕೆಮ್ಮಿಗೆ ಮಲಗುವ ಮುನ್ನ ಒಂದು ಚಮಚ ಜೇನುತುಪ್ಪ ಉಪಶಮನ ಕೊಡುತ್ತದೆ. ಮಧುಮೇಹಿಗಳಿಗೆ ಮಾತ್ರ ಇದೂ ಸಕ್ಕರೆಯೇ.

ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಇದನ್ನು ಕೈಬಿಡಲೇಬೇಕು. ಜೇನುತುಪ್ಪದಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಅಣುಜೀವಿಯ ಬೀಜಾಣುಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಸಾಮಾನ್ಯವಾಗಿ ಮೊಳೆಯವು. ಎಳೆಗೂಸಿನ ಕರುಳಿನಲ್ಲಿ ಮೊಳೆತು ವಿಷ ಕಾರುತ್ತವೆ. ಮಲಬದ್ಧತೆ, ಹಾಲು ಹೀರಲಾಗದಿರುವುದು, ಕತ್ತು ಜೋಲುವುದು ಇದರ ಲಕ್ಷಣಗಳು. ಕಂಡ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ತುಪ್ಪ ನಮ್ಮದೇ ಪೆಟ್ಟಿಗೆಯದಾಗಿರಲಿ, ಬಿಸಿ ಮಾಡಿದ್ದಾಗಿರಲಿ, ಮಗುವಿಗೆ ವರ್ಷ ತುಂಬುವವರೆಗೆ ಕೊಡಬಾರದು. ಉಡುಪಿ, ಮಣಿಪಾಲದ ಅಂಗಡಿಗಳಿಗೆ ತುಪ್ಪ ಕೊಡುವ ರೈತರು ಭರಣಿಯ ಚೀಟಿಯಲ್ಲಿಯೂ ಈ ಮಾತನ್ನು ಅಚ್ಚು ಹಾಕಿಸುವುದು ಲೇಸು.