ಟೈರಿನ ಹೊಟ್ಟೆ ಉಬ್ಬಿದರೆ

ಸೊಸೆಗೆ ಹೆರಿಗೆ ನೋವು. ಬಾಡಿಗೆ ಕಾರು ಬಂತು. ಅತ್ತೆ ಬಟ್ಟೆಗಂಟು ಇಡಲು ಹೋದರು. ಹಿಂದಿನ ಟೈರಿನ ಪಕ್ಕ ನಿಂಬೆಹಣ್ಣಿನಷ್ಟು ಉಬ್ಬಿತ್ತು.

“ಇದೇನಪ್ಪಾ?”

“ಗಾಳಿ ಜಾಸ್ತಿ ಆಗಿದೆ ಅಮ್ಮಾ. ಒಂಚೂರು ಬಿಟ್ಟರೆ ಸರಿಹೋಗುತ್ತೆ.”

ಇದು ತಪ್ಪು ಮಾತು. ಟೈರು ಬರೀ ರಬ್ಬರಲ್ಲ. ಒಳಗೆ ಗಟ್ಟಿ ದಾರಗಳಿವೆ. ಗಾಳಿಯನ್ನು ಬಿಗಿಹಿಡಿಯುವುದು ಆ ದಾರಗಳೇ. ಕಾರು ಜೋರಾಗಿ ಗುಂಡಿಗೆ ಬಿದ್ದರೆ ದಾರ ಕಡಿಯಬಹುದು. ಗಾಳಿ ಕಡಿಮೆ ಇದ್ದರಂತೂ ಬೇಗ ಕಡಿಯುತ್ತದೆ. ಕಡಿದ ಜಾಗದಲ್ಲಿ ಗಾಳಿ ರಬ್ಬರನ್ನು ಹೊರಕ್ಕೆ ನೂಕುತ್ತದೆ. ನೂಲು ಸವೆದ ಕಡೆ ಭತ್ತದ ಚೀಲ ಉಬ್ಬುವುದಿಲ್ಲವೇ? ಹಾಗೆ. ಗಾಳಿ ಬಿಟ್ಟರೆ ಕಡಿದ ದಾರ ಕೂಡುವುದಿಲ್ಲ. ಪಂಕ್ಚರ್ ಅಂಗಡಿಯಲ್ಲೂ ಇದಕ್ಕೆ ಮದ್ದಿಲ್ಲ. ದಾರಿಯಲ್ಲಿ ಟೈರು ಸಿಡಿಯಬಹುದು. ಬದಲಿಸಲೇಬೇಕು.

ನೆಲಕ್ಕೆ ತಾಗುವ ಕಡೆ ಮಾತ್ರ ಟೈರು ಅಗಲವಾಗಿದ್ದರೆ ಅದು ಬೇರೆ. ಕೊಂಚ ಅಗಲವಾಗುವುದು ಸಹಜ. ತೀರಾ ಕುಸಿದಿದ್ದರೆ ಗಾಳಿ ಕಡಿಮೆ. ಪಂಕ್ಚರ್ ಆಗಿಲ್ಲದಿದ್ದರೆ ಗಾಳಿ ತುಂಬಿಸಿದರೆ ಸಾಕು. ಎಷ್ಟು ತುಂಬಬೇಕು? ಬಹಳ ಕಾರುಗಳಲ್ಲಿ ಡ್ರೈವರ್ ಬಾಗಿಲ ಹತ್ತಿರ ಚೀಟಿ ಅಂಟಿಸಿರುತ್ತಾರೆ. ಅಂಕಿ ಅದರಲ್ಲಿದೆ.

“ಸ್ಟೆಪ್ನಿ ಹಾಕಪ್ಪಾ” ಅಂದರು ಅತ್ತೆ. ಡ್ರೈವರ್ ಗೊಣಗಿದ. ಸೊಸೆ ಹಲ್ಲು ಕಚ್ಚಿ ಕುಳಿತಳು. ಕಾಲು ಗಂಟೆಯಲ್ಲಿ ಚಕ್ರ ಬದಲಾಯಿತು. ಸ್ಟೆಪ್ನಿಯಲ್ಲೂ ಗಾಳಿ ಕಡಿಮೆ! ದಾರಿಯ ಪೆಟ್ರೋಲ್ ಬಂಕಿನಲ್ಲಿ ಚೀಟಿ ಓದಿದವರು ಅತ್ತೆಯೇ.

“33 ಹಾಕಪ್ಪಾ.”