ಕೆಲಸ ಬಿಟ್ಟು ಹಸು ನೋಡಿಕೊಳ್ಳಲಾ?

ಪ್ರಶ್ನೆ: ಅಕ್ಕಾ, ನನಗೆ ಮೂವತ್ತನಾಲ್ಕು ವರ್ಷ. ಮದ್ದೂರಿನ ಹತ್ತಿರ ಗಾರ್ಮೆಂಟ್ಸ್‌ನಲ್ಲಿ ಎಂಟು ವರ್ಷದಿಂದ ಟೈಲರ್. ಕೈಗೆ ಹನ್ನೆರಡು ಸಾವಿರ ಬರುತ್ತೆ, ಎಟಿಎಂ ಕಾರ್ಡು ಯಜಮಾನರ ಹತ್ತಿರ ಇದೆ. ಎಷ್ಟು ದುಡಿದರೂ ಬಡತನ ಹೋಗಿಲ್ಲ, ತಿಂಗಳ ಕೊನೆಗೆ ಕೈಸಾಲ ತಪ್ಪಿಲ್ಲ. ಈಗ ಅವರು ಎರಡು ಹಸು ತಂದಿದ್ದಾರೆ. ‘ಗೃಹಲಕ್ಷ್ಮಿ ಬರ್ತದೆ, ಡೇರಿ ದುಡ್ಡು ಬರ್ತದೆ, ಸೂಪರ್‌ವೈಸರ್ ಕೈಲಿ ಯಾಕೆ ಬೈಸ್ಕೊಂಡು ಬರ್ತೀಯ’ ಅಂತಾರೆ. ಅತ್ತೆ ‘ಊರೋರು ಆಡ್ಕತಾರೆ’ ಅಂತಾರೆ. ಬಿಡಲಾ?

ಉತ್ತರ: ಈಗಲೇ ಬಿಡಬೇಡಿ ತಾಯಿ. ನಿಮ್ಮ ಯಜಮಾನರ ಮಾತಿನಲ್ಲಿ ಕಾಳಜಿ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಅವರು ಹಾಕಿರುವ ಲೆಕ್ಕದಲ್ಲಿ ನಿಮ್ಮ ಹೆಸರೇ ಇಲ್ಲ.

ಗೃಹಲಕ್ಷ್ಮಿಯ 2000 ರೂಪಾಯಿ ಹೋಗುವುದು ಪಡಿತರ ಚೀಟಿಯಲ್ಲಿ ಯಜಮಾನಿ ಅಂತ ಯಾರ ಹೆಸರಿದೆಯೋ ಅವರ ಖಾತೆಗೆ. ಅತ್ತೆ ಜೊತೆಗೇ ಇದ್ದರೆ ಅದು ಅವರ ಹೆಸರಿನಲ್ಲೇ ಇದ್ದೀತು, ನೋಡಿ. ಹಾಲಿನ ಬಟವಾಡೆ ಡೇರಿ ಸದಸ್ಯರ ಖಾತೆಗೆ ಬೀಳುತ್ತದೆ. ಕತ್ತಲಿರುವಾಗಲೇ ಎದ್ದು ಸಗಣಿ ಬಾಚಿ, ಹುಲ್ಲು ಹೊತ್ತು ತಂದು, ಹಾಲು ಕರೆಯುವವರು ನೀವು. ಪಾಸ್‌ಬುಕ್ಕಿನಲ್ಲಿ ಹೆಸರು ಯಾರದು?

ತಮಾಷೆಯೆಂದರೆ ಸರ್ಕಾರದ ಸಮೀಕ್ಷೆಯಲ್ಲಿ ಆಗಲೂ ನೀವು ದುಡಿಯುವ ಮಹಿಳೆಯೇ. ದೇಶದಲ್ಲಿ ಹದಿನೈದು ತುಂಬಿದ ಹೆಂಗಸರ ಪೈಕಿ ದುಡಿಯುವವರು ಮತ್ತು ಕೆಲಸ ಹುಡುಕುವವರ ಪ್ರಮಾಣ 2017-18ರಲ್ಲಿ ಶೇ 23.3 ಇದ್ದದ್ದು 2023-24ಕ್ಕೆ ಶೇ 41.7 ಆಯಿತು. ಏರಿದ್ದರಲ್ಲಿ ದೊಡ್ಡ ಪಾಲು ಹಳ್ಳಿಯ ಸ್ವಂತ ದುಡಿಮೆ. ಹೊಲ, ಕೊಟ್ಟಿಗೆಯ ಸಂಬಳವಿಲ್ಲದ ಚಾಕರಿಯೂ ಅದರಲ್ಲಿ ಸೇರಿದೆ. ಅದನ್ನು ನೋಡಿ ಚಪ್ಪಾಳೆ ತಟ್ಟುವವರು ತಟ್ಟಲಿ.

ಇನ್ನು ಊರವರ ಮಾತು. ಕೈಯಲ್ಲಿ ನಾಲ್ಕು ಕಾಸು ಆಡಿದೊಡನೆ ಸೊಸೆಯನ್ನು ಒಳಗೆ ಕೂರಿಸುವುದು ನಿಮ್ಮ ಅತ್ತೆ ಹೊಸದಾಗಿ ತಂದ ಪದ್ಧತಿಯಲ್ಲ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅಮೆರಿಕದ ಇನ್ನೂರು ವರ್ಷದ ದಾಖಲೆ ಕೆದಕಿ ಇಂಥದ್ದನ್ನೇ ಕಂಡರು: ಬಡತನವಿದ್ದಾಗ ಹೆಂಗಸರು ದುಡಿಯುತ್ತಾರೆ, ಆದಾಯ ಸ್ವಲ್ಪ ಏರಿದರೆ ಮನೆ ಸೇರುತ್ತಾರೆ, ಓದು ಹೆಚ್ಚಿ ಒಳ್ಳೆಯ ಕೆಲಸ ಸಿಕ್ಕಾಗ ಮತ್ತೆ ಹೊರಬೀಳುತ್ತಾರೆ. ಹೀಗೆ ಹೊರಬೀಳುವುದು ಎಷ್ಟೋ ಸಲ ಮಗಳ ಕಾಲಕ್ಕೆ. ಒಳಗೆ ಹೋದ ತಾಯಿಗೆ ಆ ಬಾಗಿಲು ತೆರೆಯುವುದು ಕಷ್ಟ.

‘ದುಡಿದರೂ ಬಡತನ ಹೋಗಿಲ್ಲ’ ಅಂದಿರಿ. ಕೂಲಿ ಕಡಿಮೆ, ಅದು ನಿಜ. ಜೊತೆಗೆ ದುಡ್ಡು ಯಾರ ಕೈಯಲ್ಲಿದೆ ಅನ್ನುವುದೂ ಇದೆ. ಬಡತನವನ್ನು ಅಳೆಯುವವರು ಮನೆಗಿಷ್ಟು ಅಂತ ಅಳೆಯುತ್ತಾರೆ. ಮನೆಯೊಳಗೆ ಯಾರ ಪಾಲಿಗೆ ಎಷ್ಟು ಬಂತು ಅಂತ ನೋಡುವುದಿಲ್ಲ. ಮಧ್ಯಪ್ರದೇಶದಲ್ಲಿ ಒಂದು ಪ್ರಯೋಗ ನಡೆಯಿತು. ಉದ್ಯೋಗ ಖಾತ್ರಿಯ ಕೂಲಿಯನ್ನು ಗಂಡನ ಖಾತೆಯ ಬದಲು ಹೆಂಡತಿಯ ಖಾತೆಗೇ ಹಾಕಿ, ಖಾತೆ ಬಳಸುವುದನ್ನೂ ಕಲಿಸಿದರು. ಆ ಹೆಂಗಸರು ಹೆಚ್ಚು ದಿನ ದುಡಿಯತೊಡಗಿದರು, ಖಾತ್ರಿ ಕೆಲಸವಲ್ಲದೆ ಬೇರೆ ಕೂಲಿಗೂ ಹೋದರು. ಹಾಗಾಗಿ ಆ ಕಾರ್ಡಿನ ವಿಷಯವನ್ನು ಸಣ್ಣದು ಅನ್ನಬೇಡಿ. ಜಗಳ ಬೇಡ ಅನ್ನಿಸಿದರೆ ಬ್ಯಾಂಕಿಗೆ ಹೋಗಿ, ಸಂಬಳ ಬಿದ್ದ ಮರುದಿನವೇ ಐನೂರೋ ಸಾವಿರವೋ ನಿಮ್ಮ ಹೆಸರಿನ ಆರ್‌ಡಿಗೆ ಕಡಿತವಾಗುವಂತೆ ಬರೆದುಕೊಡಿ.

ಪಿಎಫ್ ವಿಚಾರಕ್ಕೆ ಬರೋಣ, ಮುಖ್ಯವಾದದ್ದು ಇದೇ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗಿಳಿದದ್ದು ಪಿಎಫ್ ಹಿಂಪಡೆಯುವ ಹಕ್ಕಿಗಾಗಿ. ಅದಕ್ಕೆ ತಡೆಯೊಡ್ಡಿದ್ದ ಹೊಸ ನಿಯಮವನ್ನೇ ಕೇಂದ್ರ ಸರ್ಕಾರ ಕೈಬಿಟ್ಟಿತು. ನಿಮ್ಮದು ಎಂಟು ವರ್ಷ. ಪಿಎಫ್ ಕಟ್ಟಿದ ವರ್ಷ ಹತ್ತು ತುಂಬಿದರೆ ಐವತ್ತೆಂಟನೇ ವಯಸ್ಸಿನಿಂದ ಪಿಂಚಣಿಯ ಹಕ್ಕು ಬರುತ್ತದೆ. ದೊಡ್ಡ ಮೊತ್ತವೇನಲ್ಲ, ಕನಿಷ್ಠ ತಿಂಗಳಿಗೆ 1000. ಆದರೆ ಬೀಳುವುದು ನಿಮ್ಮ ಖಾತೆಗೆ. ಫ್ಯಾಕ್ಟರಿ ಬದಲಿಸಿದ್ದರೆ ಹಳೆಯ ಪಿಎಫ್ ಈಗಿನ ಯುಎಎನ್‌ಗೆ ಸೇರಿದೆಯೇ ಅಂತ ಈ ತಿಂಗಳೇ ನೋಡಿಸಿ. ಕೆಲಸ ಬಿಟ್ಟರೆ ಇಎಸ್‌ಐ ಆಸ್ಪತ್ರೆಯೂ ಹೋಗುತ್ತದೆ, ನಿಮಗಷ್ಟೇ ಅಲ್ಲ, ಯಜಮಾನರಿಗೂ ಮಕ್ಕಳಿಗೂ. ಇದನ್ನು ಅತ್ತೆಗೂ ಹೇಳಿ ನೋಡಿ, ‘ಊರೋರು ಆಡ್ಕತಾರೆ’ ಅನ್ನುವ ಮಾತು ಸ್ವಲ್ಪ ತಣ್ಣಗಾದೀತು.

ಹಸು ಬೇಡ ಅನ್ನಬೇಡಿ. ಡೇರಿ ಸದಸ್ಯತ್ವ ನಿಮ್ಮ ಹೆಸರಿನಲ್ಲಿ ಆಗಲಿ ಅಂತ ಕೇಳಿ. ಅರ್ಜಿ ಹೇಗೆ ಅಂತ ಡೇರಿ ಕಾರ್ಯದರ್ಶಿ ಹೇಳುತ್ತಾರೆ. ಅದಕ್ಕೆ ಮನೆಯಲ್ಲಿ ಏನಂದರು ಅಂತ ನನಗೆ ಮತ್ತೆ ಬರೆಯಿರಿ.